ಬೀದಿಯ ಆರೋಗ್ಯಕ್ಕೊಂದು ತಕ್ಕಡಿ

“ಇವತ್ತು ಸೆಕೆ ಜಾಸ್ತಿ ಅಲ್ವಾ?” ಎಂದು ಯಾರಾದರೂ ಮಾತು ತೆಗೆದರೆ ತಕ್ಕಡಿ ಮಾವ “ಯಾವತ್ತಿಗಿಂತ?” ಎಂದು ಕೇಳುತ್ತಿದ್ದರು. “ನಿಮ್ಮ ಅಳಿಯ ಬಹಳ ಒಳ್ಳೆಯವನಂತೆ” ಎಂದರೆ “ಯಾರ ಪಕ್ಕದಲ್ಲಿ ನಿಲ್ಲಿಸಿ ನೋಡಿದ್ರಿ?” ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದ ಮನುಷ್ಯ. ಪಕ್ಕದಲ್ಲೊಂದು ಮಾದರಿ ತೂಕದ ಬಟ್ಟು ಇಡದೆ ಯಾವುದನ್ನೂ ಹೆಚ್ಚು ಎಂದವರಲ್ಲ, ಕಡಿಮೆ ಎಂದವರಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಕನ್ನಡಿ ಮುಂದೆ ನಿಂತು “ಹೇಗೆ ಕಾಣ್ತೀನಿ?” ಎಂದು ಕೇಳಿದಾಗಲೂ ಇದೇ ಪ್ರಶ್ನೆ ಹಾಕಿ, ಮೂರು ದಿನ ಹೋಟೆಲಿನಲ್ಲಿ ಊಟ ಮಾಡಿದ್ದರು. ಆದರೂ ಬುದ್ಧಿ ಬಂದಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ತೂಗುಹಾಕಿದ ತಟ್ಟೆಗಳು, ಸರಪಳಿಗಳು, ಎಣ್ಣೆ ವಾಸನೆ. ಮೇಜಿನ ಮೇಲೆ ಎದೆಯೆತ್ತರದ ಒಂದು ಹಿತ್ತಾಳೆ ತಕ್ಕಡಿ. ಅದರ ಪಕ್ಕದಲ್ಲಿ ಮಖಮಲ್ಲು ಹಾಸಿದ ಮರದ ಪೆಟ್ಟಿಗೆ. ಅದರ ಗುಳಿಗಳಲ್ಲಿ ಸಾಲಾಗಿ ಮಲಗಿದ ಮಾದರಿ ಬಟ್ಟುಗಳು. ಬೇರೆ ಎಲ್ಲ ಬಟ್ಟುಗಳ ಸತ್ಯಾಸತ್ಯ ನಿರ್ಧಾರವಾಗುವುದು ಇವುಗಳ ಎದುರಿಗೇ ಆದ್ದರಿಂದ, ಇವನ್ನು ಕೈಯಿಂದ ಮುಟ್ಟುವಂತಿಲ್ಲ. “ಬೆವರು ತಾಗಿದ್ರೆ ಭಾರ ಆಗುತ್ತೆ, ತಿಕ್ಕಿದ್ರೆ ಸವೆಯುತ್ತೆ” ಎಂದು ಮಾವ ಚಿಮಟದಲ್ಲೇ ಎತ್ತಿ, ಚಿಮಟದಲ್ಲೇ ಇಡುತ್ತಿದ್ದರು.

ಸರ್ಕಾರ ಮನೆಗೊಂದು ಆರೋಗ್ಯ ಕಾರ್ಡು ಕೊಟ್ಟಾಗ ಮಾವ ಅದನ್ನೂ ಚಿಮಟದಲ್ಲಿ ಹಿಡಿದು ಆ ಪೆಟ್ಟಿಗೆಯಲ್ಲಿಟ್ಟರು. “ಯಾರೂ ಮುಟ್ಟಬೇಡಿ” ಎಂದು ಮನೆಯಲ್ಲಿದ್ದ ಒಬ್ಬರೇ ಒಬ್ಬರಿಗೆ, ಅಂದರೆ ಹೆಂಡತಿಗೆ, ಅಪ್ಪಣೆ ಮಾಡಿದರು. ಕಾರ್ಡು ತೋರಿಸಿದರೆ ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಚಿಕಿತ್ಸೆಯೂ ಪುಕ್ಕಟೆ. ಮಾವ ತೋರಿಸಲಿಲ್ಲ. ತೋರಿಸುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಕಾರ್ಡು ಪೆಟ್ಟಿಗೆಗೆ ಸೇರಿದ ಮಾರನೆಯ ದಿನವೇ ಅವರ ಹತ್ತು ವರ್ಷದ ಎದೆಯುರಿ ಹೇಳದೆ ಕೇಳದೆ ಹೊರಟುಹೋಯಿತು. ಡಾಕ್ಟರ ಮುಖ ನೋಡಿರಲಿಲ್ಲ, ಒಂದು ಮಾತ್ರೆ ನುಂಗಿರಲಿಲ್ಲ. ಕಾಯಿಲೆಗಳಿಗೂ ಸರ್ಕಾರದ ಭಯ ಇರುತ್ತದೆ ಎಂದು ಮಾವ ತೀರ್ಮಾನಿಸಿದರು.

ಹೀಗಿರುವಾಗ ಒಂದು ಸೋಮವಾರ ಸರ್ವೆ ಮಾಡುವ ಹೆಣ್ಣುಮಗಳೊಬ್ಬಳು ಬಂದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಫಾರ್ಮು, ಕಾಲಲ್ಲಿ ಬೊಬ್ಬೆ. ಬೆಳಿಗ್ಗೆಯಿಂದ ಎಷ್ಟು ಮೆಟ್ಟಿಲು ಹತ್ತಿದ್ದಳೋ.

“ಒಂದೇ ಪ್ರಶ್ನೆ ಸಾರ್. ಕಾರ್ಡು ಬಂದ ಮೇಲೆ, ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ ಅಂತೀರಿ? ಅತ್ಯುತ್ತಮ, ಉತ್ತಮ, ಸಾಧಾರಣ, ಕೆಟ್ಟದ್ದು, ತುಂಬಾ ಕೆಟ್ಟದ್ದು. ಐದರಲ್ಲಿ ಒಂದು ಹೇಳಿ.”

“ಯಾರಿಗಿಂತ?” ಎಂದರು ಮಾವ.

“ಯಾರಿಗಿಂತಾನೂ ಅಲ್ಲ ಸಾರ್. ನಿಮಗೆ ಅನ್ನಿಸಿದ್ದು ಹೇಳಿ.”

“ಅನ್ನಿಸಿದ್ದು!” ಮಾವ ಕುರ್ಚಿಯಿಂದ ಎದ್ದೇಬಿಟ್ಟರು. “ಅನ್ನಿಸಿದ್ದು ಹೇಳಿದ್ರೆ ನನ್ನ ಲೈಸೆನ್ಸ್ ಕಿತ್ಕೋತಾರಮ್ಮ! ಒಂದು ಕಿಲೋ ಅನ್ನಿಸ್ತು ಅಂತ ನಾನು ಮುದ್ರೆ ಒತ್ತಿದ್ರೆ ನಾಳೆ ಈ ಊರಲ್ಲಿ ಯಾರಾದ್ರೂ ಸಕ್ಕರೆ ಕೊಂಡುಕೊಳ್ಳೋಕಾಗುತ್ತಾ?”

ಅಷ್ಟರಲ್ಲಿ ಒಳಗಿನಿಂದ ಮಾವನ ಹೆಂಡತಿ ಬಂದರು. ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದುಕೊಡುವವರಾದ್ದರಿಂದ ಬೀದಿಗೆಲ್ಲ ಅವರು ಕಾಜಾ ಅತ್ತೆ. ಕೈಯಲ್ಲಿ ನೀರಿನ ಲೋಟ. “ಬಿಸಿಲಲ್ಲಿ ಬಂದಿದ್ದೀಯ, ಮೊದಲು ನೀರು ಕುಡಿ ಮಗಳೇ” ಎಂದು ಬಹಳ ಅಕ್ಕರೆಯಿಂದ ಲೋಟವನ್ನು ಹಿತ್ತಾಳೆ ತಕ್ಕಡಿಯ ಮುಂದೆ ಇಟ್ಟು, ಅದರ ತೋಳನ್ನು ಮೆಲ್ಲಗೆ ತಟ್ಟಿ, “ಎಷ್ಟು ಸಣಕಲಾಗಿದ್ದೀಯಮ್ಮ, ಊಟ ಸರಿಯಾಗಿ ಮಾಡು” ಎಂದರು.

ಸರ್ವೆಯ ಹೆಣ್ಣುಮಗಳು ಒಂದು ಕ್ಷಣ ತಕ್ಕಡಿಯನ್ನು ನೋಡಿದಳು. ಆಮೇಲೆ ಸದ್ದಿಲ್ಲದೆ ಎರಡು ಹೆಜ್ಜೆ ಸರಿದು ತಕ್ಕಡಿಯ ಪಕ್ಕ ನಿಂತು, ಲೋಟ ಎತ್ತಿ ಪೂರ್ತಿ ಕುಡಿದು, “ಆಯ್ತಮ್ಮ, ಮಾಡ್ತೀನಿ” ಎಂದಳು. ಹಾಗೆ ಸರಿದು ನಿಲ್ಲಲು ಅವಳಿಗೆ ಯಾವ ಇಲಾಖೆಯೂ ಹೇಳಿಕೊಟ್ಟಿರಲಿಲ್ಲ.

“ಅಮ್ಮ, ನಿಮ್ಮ ಆರೋಗ್ಯ?”

“ಅತ್ಯುತ್ತಮ!” ಎಂದರು ಅತ್ತೆ, ಪ್ರಶ್ನೆ ಮುಗಿಯುವ ಮೊದಲೇ. “ಅದಕ್ಕಿಂತ ಮೇಲೆ ಏನಾದ್ರೂ ಇದ್ರೆ ಅದನ್ನೇ ಬರ್ಕೊ.”

ಹೆಣ್ಣುಮಗಳ ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು. ಕೊನೆಗೆ ಅವಳು ಫಾರ್ಮನ್ನು ಖಾಲಿಯೇ ಮೇಜಿನ ಮೇಲಿಟ್ಟು, “ನೀವಿಬ್ಬರೂ ಯೋಚನೆ ಮಾಡಿ ತುಂಬಿಡಿ ಸಾರ್. ಶುಕ್ರವಾರ ಬರ್ತೀನಿ” ಎಂದು ಹೊರಟಳು.

ಅವಳು ಹೋದ ಮೇಲೆ ಮಾವ ಹೆಮ್ಮೆಯಿಂದ ಬೀಗಿದರು. “ನೋಡ್ದೆಯೇನೇ? ಐದು ಮಟ್ಟ ಇಟ್ಟಿದ್ದಾರೆ, ಒಂದಕ್ಕೂ ಮಾದರಿ ಇಲ್ಲ! ಸರ್ಕಾರಕ್ಕೆ ಇದು ಹೊಳೆದಿಲ್ಲ, ನನಗೆ ಹೊಳೀತು.” ತಕ್ಕಡಿಗೆ ನೀರು ಕೊಟ್ಟಿದ್ದನ್ನು ಅವರು ಕಂಡಿದ್ದರು. ಆದರೆ ಅದು ತಮ್ಮ ಕಸುಬಿಗೆ ಮನೆಯಲ್ಲಿ ಸಲ್ಲುವ ಮರ್ಯಾದೆ ಎಂದುಕೊಂಡರು. ಒಂದು ಗ್ರಾಮಿನ ಸಾವಿರದಲ್ಲೊಂದು ಭಾಗ ಏರುಪೇರಾದರೆ ಹಿಡಿಯುವ ಕಣ್ಣು ಅದು. ಅದಕ್ಕಿಂತ ದೊಡ್ಡದು ಅದಕ್ಕೆ ಕಾಣುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಮಾವ ಆರೋಗ್ಯಕ್ಕೆ ಮಾದರಿ ಬಟ್ಟು ಹುಡುಕಲು ಹೊರಟರು. ಲೆಕ್ಕ ಸರಳ. ಬೀದಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿರುವ ಒಬ್ಬರನ್ನು ಮೇಲಿನ ತುದಿಗೆ ಇಡುವುದು, ಎಲ್ಲರಿಗಿಂತ ಕೆಟ್ಟಿರುವ ಒಬ್ಬರನ್ನು ಕೆಳಗಿನ ತುದಿಗೆ. ನಡುವೆ ತಾವು ಎಲ್ಲಿ ನಿಲ್ಲುತ್ತೇವೆಂದು ಅಳೆದು ಫಾರ್ಮು ತುಂಬುವುದು.

ಕೆಳಗಿನ ತುದಿಗೆ ಹುಡುಕಾಟವೇ ಬೇಕಿರಲಿಲ್ಲ. ಎದುರು ಮನೆಯಲ್ಲಿ ಉಸ್ಸಪ್ಪಾ ಮೇಷ್ಟ್ರು ಇದ್ದರು. ನಿವೃತ್ತ ಮೇಷ್ಟ್ರು, ಕೂತರೆ “ಉಸ್ಸಪ್ಪಾ”, ಎದ್ದರೆ “ಉಸ್ಸಪ್ಪಾ”. ದಿನಾ ಬೆಳಿಗ್ಗೆ ಪೇಪರ್ ಓದುವ ನೆಪದಲ್ಲಿ ಮಾವನ ಮನೆಗೆ ಬಂದು, ಅತ್ತೆಯ ಪಕ್ಕ ಕೂತು, ಒಂದು ಗಂಟೆ ತಮ್ಮ ಕಾಯಿಲೆಗಳ ವರದಿ ಒಪ್ಪಿಸಿ ಹೋಗುತ್ತಿದ್ದರು.

“ಮೇಷ್ಟ್ರೇ, ಈ ಬೀದಿಯ ‘ತುಂಬಾ ಕೆಟ್ಟದ್ದು’ ನೀವೇ ಅಂತ ಇಟ್ಕೋತೀನಿ. ಅಭ್ಯಂತರ ಇಲ್ವಲ್ಲ?”

ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. “ನಲವತ್ತು ವರ್ಷ ಪಾಠ ಹೇಳಿದೆ ಕಣಯ್ಯ. ಯಾರೂ ನನ್ನನ್ನ ಮಾದರಿ ಅಂದಿರ್ಲಿಲ್ಲ. ಉಸ್ಸಪ್ಪಾ. ಬರ್ಕೊ, ಬರ್ಕೊ.”

ಸುದ್ದಿ ಮೂಲೆಯ ಬೇಕರಿ ತಲುಪಲು ಕಾಲು ಗಂಟೆ ಸಾಕಾಯಿತು. ಬೇಕರಿಯವನ ತಾಯಿ, ಎಂಬತ್ತು ದಾಟಿದ ಬೇಕರಿ ಅಜ್ಜಿ, ಊರುಗೋಲನ್ನು ಈಟಿಯಂತೆ ಮುಂದೆ ಚಾಚಿಕೊಂಡು ಅಂಗಡಿಗೆ ನುಗ್ಗಿದರು.

“ಏನೋ ತಕ್ಕಡಿ, ಆ ಮೇಷ್ಟ್ರು ನನಗಿಂತ ಕೆಟ್ಟಿದ್ದಾನಾ? ಅವನಿಗೆ ಬಂದಿರೋ ಒಂದೊಂದು ರೋಗಾನೂ ಮೊದಲು ನನಗೆ ಬಂದು, ನಾನು ಬಿಟ್ಟ ಮೇಲೆ ಅವನಿಗೆ ಹೋಗಿರೋದು! ಅವನಿಗೆ ಸೊಂಟ ಒಂದೇ ಕಡೆ ನೋವು. ನನಗೆ?”

“ನಿಮಗೆ ಅಜ್ಜಿ?”

“ನನ್ನ ಸೊಂಟದಲ್ಲಿ ನೋವಿಲ್ಲದ ಕಡೆ ಎಲ್ಲಿದೆ ಅಂತ ಕೇಳು!”

ಮಾವ ಹೊಗಳಿದರು, ತೆಗಳಿದರು, ಟೀ ಕೊಟ್ಟರು. ಎರಡನೇ ಸ್ಥಾನಕ್ಕೆ ಅಜ್ಜಿ ಒಪ್ಪಲಿಲ್ಲ. ನೇರವಾಗಿ ಮನೆಗೆ ಹೋಗಿ, “ನನ್ನ ಕಾಯಿಲೆಗಳಿಗೆ ತೂಕದಲ್ಲಿ ಮೋಸವಾಗಿದೆ” ಎಂದು ಆರೋಗ್ಯ ಕಾರ್ಡಿನ ಆಫೀಸಿಗೆ ಒಂದು ದೂರು ಬರೆಸಿ ಕಳಿಸಿಬಿಟ್ಟರು.

ಮೇಲಿನ ತುದಿಗೆ ಮಾವ ಆರಿಸಿದ್ದು ಜಿಮ್ ಮಾಸ್ಟರನ್ನು. ಆರಡಿ ಎತ್ತರ, ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಬರುವ ಆಳು. ಆದರೆ ಅಷ್ಟರಲ್ಲಿ ಅಜ್ಜಿಯ ದೂರಿನ ಬಾಲ ಹಿಡಿದು ಇನ್ನೊಂದು ಸುದ್ದಿ ಹೊರಟಿತ್ತು: ತಕ್ಕಡಿ ಮಾವನನ್ನು ಸರ್ಕಾರವೇ ನೇಮಿಸಿದೆ, ‘ಅತ್ಯುತ್ತಮ’ ಎಂದು ಬರೆಸಿಕೊಂಡವರ ಕಾರ್ಡು ವಾಪಸ್ಸು ಹೋಗುತ್ತದೆ. ಯಾರು ಹೇಳಿದರು ಎಂದು ಯಾರೂ ಕೇಳಲಿಲ್ಲ. ಸುಳ್ಳು ಸುದ್ದಿಯ ಆರೋಗ್ಯ ಯಾವಾಗಲೂ ಅತ್ಯುತ್ತಮವೇ.

ಬುಧವಾರ ಜಿಮ್ ಮಾಸ್ಟರು ಕುಂಟುತ್ತ ಬಂದರು. ಕೈ ಮುಗಿದರು.

“ಮಾವ, ನನಗೆ ಇಬ್ಬರು ಮಕ್ಕಳಿದ್ದಾರೆ. ದಯವಿಟ್ಟು ಒಂದು ಮೊಣಕಾಲು ನೋವಾದ್ರೂ ಬರ್ಕೊಳಿ.”

“ಯಾವ ಕಾಲಪ್ಪ?”

“ಎಡಗಾಲು.”

“ಕುಂಟ್ತಾ ಇರೋದು ಬಲಗಾಲು.”

“ಎರಡೂ ಬರ್ಕೊಳಿ ಮಾವ, ನಿಮ್ಮ ದಮ್ಮಯ್ಯ.”

ಗುರುವಾರದ ಹೊತ್ತಿಗೆ ಮಾವನ ಅಂಗಡಿಯ ಮುಂದೆ ನೆಟ್ಟಗೆ ನಡೆಯುವವರೇ ಇಲ್ಲವಾದರು. ಮೂಲೆಯವರೆಗೆ ಓಡುತ್ತ ಬಂದವರು, ಅಂಗಡಿ ಕಾಣುತ್ತಲೇ ಸೊಂಟ ಹಿಡಿದುಕೊಳ್ಳುತ್ತಿದ್ದರು. ಅಂಚೆಯವನು ಕಾಗದ ಕೊಡುವ ಮೊದಲು ಮೂರು ಸಲ ಕೆಮ್ಮುತ್ತಿದ್ದ. ಹಳೆಯ ಎಕ್ಸ್‌ರೇಗಳು ಅಟ್ಟದಿಂದ ಇಳಿದವು; ಒಬ್ಬರು ತಮ್ಮ ತೀರಿಹೋದ ಮಾವನವರದ್ದನ್ನೂ ತಂದು ತೋರಿಸಿದರು. ಮಾವ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ, ಏನೂ ತಿಳಿಯದೆ, “ಹೂಂ” ಎನ್ನುತ್ತಿದ್ದರು. ಆ “ಹೂಂ”ಗೆ ಜನ ನಮಸ್ಕಾರ ಮಾಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಅವರ ಮಾತಿಗೆ ತೂಕ ಬಂದಿತ್ತು. ಅದು ಅವರ ತಲೆಗೂ ಏರಿತ್ತೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.

ಕಷ್ಟ ಇದ್ದದ್ದು ಒಂದೇ. ಮೇಲಿನ ತುದಿ ಖಾಲಿ. ಇಡೀ ಬೀದಿಯಲ್ಲಿ ‘ಅತ್ಯುತ್ತಮ’ ಎನ್ನುವವರು ಒಬ್ಬರೇ ಉಳಿದಿದ್ದರು. ಅವರು ಒಳಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂತು, ಬೆರಳಿನಿಂದ ಬಟ್ಟೆ ತಡವುತ್ತ ಕಾಜಾ ಹೊಲಿಯುತ್ತಿದ್ದರು.

“ನೀನೇ ಕಣೇ ನನ್ನ ಮಾದರಿ ಬಟ್ಟು” ಎಂದು ಮಾವ ಘೋಷಿಸಿದರು.

“ಇಷ್ಟು ವರ್ಷಕ್ಕೆ ಗೊತ್ತಾಯ್ತಲ್ಲ, ಪುಣ್ಯ” ಎಂದರು ಅತ್ತೆ, ಗೋಡೆಯಲ್ಲಿ ತೂಗುತ್ತಿದ್ದ ಗಂಡನ ಕೋಟಿನ ಕಡೆ ತಿರುಗಿ.

ಶುಕ್ರವಾರ ಬಂತು. ಸರ್ವೆಯ ಹೆಣ್ಣುಮಗಳ ಜೊತೆ ಅವಳ ಮೇಲಧಿಕಾರಿಯೂ ಬಂದರು. ಅಜ್ಜಿಯ ದೂರು ಅವರ ಮೇಜು ತಲುಪಿತ್ತು. ಆಫೀಸರು ಸಣ್ಣ ಆಳು, ಸಣ್ಣ ಮೀಸೆ, ಸಣ್ಣ ದನಿ. ಅವರು ಬರುವಷ್ಟರಲ್ಲಿ ಮಾವ ತಕ್ಕಡಿಯನ್ನೂ ಪೆಟ್ಟಿಗೆಯನ್ನೂ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ತಂದಿಟ್ಟಿದ್ದರು. ಅಧಿಕಾರಕ್ಕೆ ಒಂದು ಗಾಂಭೀರ್ಯ ಬೇಡವೇ? ಬೀದಿಯ ಜನ ಫೈಲು, ಎಕ್ಸ್‌ರೇ, ಊರುಗೋಲು ಹಿಡಿದು ನೆರೆದಿದ್ದರು. ಆಫೀಸರನ್ನು ಕಂಡದ್ದೇ ತಡ, ನಲವತ್ತು ಜನ ಒಟ್ಟಿಗೆ ಕೆಮ್ಮಿದರು.

“ಜನರ ಆರೋಗ್ಯಕ್ಕೆ ಮಟ್ಟ ಹಾಕೋ ಅಧಿಕಾರ ನಿಮಗೆ ಯಾರು ಕೊಟ್ಟಿದ್ದು?” ಎಂದು ಕೇಳಿದರು ಆಫೀಸರು.

ಮಾವನ ತಲೆಗೆ ಏರಿದ್ದೆಲ್ಲ ಸರ್ರನೆ ಇಳಿಯಿತು.

ಆಗ ಅತ್ತೆ ಹೊರಗೆ ಬಂದರು. ಗಂಡನನ್ನು ಯಾರೋ ಗದರಿಸುತ್ತಿರುವುದು ಅವರಿಗೆ ಕೇಳಿಸಿತ್ತು. ಸೆರಗು ಬಿಗಿದು, ಜನರನ್ನು ಸೀಳಿಕೊಂಡು ಮುಂದೆ ಬಂದು, ಎದುರಿಗೆ ಅಸ್ಪಷ್ಟವಾಗಿ ನಿಂತಿದ್ದ, ಕಂಕುಳಲ್ಲಿ ಫೈಲು ಇಟ್ಟುಕೊಂಡ ದೊಡ್ಡ ಆಕೃತಿಯ ಮುಂದೆ ಕೈ ಸೊಂಟದ ಮೇಲಿಟ್ಟು ನಿಂತರು. ಅಷ್ಟು ದೊಡ್ಡ ಆಕೃತಿ, ಅದರ ಮೇಲೆ ಫೈಲು, ಆಫೀಸರಲ್ಲದೆ ಇನ್ನಾರು?

ಅದು ಎಕ್ಸ್‌ರೇ ಫೈಲು ಹಿಡಿದಿದ್ದ ಜಿಮ್ ಮಾಸ್ಟರು.

“ಏನ್ರೀ ಆಫೀಸರೇ, ನಮ್ಮವರು ಯಾರ ಮನೆ ಹಾಳು ಮಾಡಿದ್ರು? ಫಾರ್ಮು ಕೊಟ್ಟಿದ್ದು ನೀವು, ಯೋಚನೆ ಮಾಡಿ ಅಂದಿದ್ದು ನೀವು. ಅವರು ಯೋಚನೆ ಮಾಡಿದ್ದೇ ತಪ್ಪಾ? ಮನುಷ್ಯನ ಹತ್ರ ಹೇಗಿದ್ದೀರಿ ಅಂತ ಕೇಳಿದ ಮೇಲೆ ಉತ್ತರ ಕೇಳೋ ತಾಳ್ಮೆ ಇರಬೇಕು! ಇಷ್ಟು ದೊಡ್ಡ ದೇಹ ಬೆಳೆಸಿದ್ದೀರಲ್ಲ, ಅದರ ತುದೀಲಿ ಸ್ವಲ್ಪ ಬುದ್ಧಿನೂ ಇಟ್ಕೋಬಾರ್ದಿತ್ತಾ?”

ಯಾರೂ ನಗಲಿಲ್ಲ. ನಿಜವಾದ ಆಫೀಸರು ಬಾಯಿ ತೆರೆಯಲು ಹೋದಾಗ ಸರ್ವೆಯ ಹೆಣ್ಣುಮಗಳು, ಕೆಲಸ ಹೋದರೆ ಹೋಗಲಿ ಎಂದು, ಅವರ ಕಾಲು ತುಳಿದಳು. ಜಿಮ್ ಮಾಸ್ಟರು ಅತ್ತೆಯನ್ನು ನೋಡಿದರು, ಎದೆ ಉಬ್ಬಿಸಿದರು, ದನಿಯನ್ನು ಹೊಟ್ಟೆಯ ತಳದಿಂದ ಎಳೆದು ತಂದು, ಸರ್ಕಾರದಂತೆಯೇ ನುಡಿದರು:

“ತಪ್ಪಾಯ್ತಮ್ಮ. ಇನ್ಮೇಲೆ ಹೀಗಾಗಲ್ಲ. ಮೇಲಿನವರಿಗೂ ತಿಳಿಸ್ತೀನಿ.”

“ಹಾಗೆ ಬನ್ನಿ ದಾರಿಗೆ” ಎಂದರು ಅತ್ತೆ, ಮತ್ತು ಗಂಡನ ತೋಳೆಂದು ಊರುಗೋಲೊಂದನ್ನು ಹಿಡಿದುಕೊಂಡರು.

ಮಾವ ಊರುಗೋಲು ಹಿಡಿದ ಆ ಕೈಯನ್ನೇ ನೋಡಿದರು. ಅವರ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅನಾಹುತವಿಲ್ಲ: ಯಾವ ಬಟ್ಟನ್ನು ನಂಬಿ ಲೋಕವನ್ನೆಲ್ಲ ತೂಗಿದರೋ ಆ ಬಟ್ಟೇ ತಪ್ಪೆಂದು ತಿಳಿಯುವುದು.

“ಲೇ” ಎಂದರು. “ಒಳಗೆ ಮೇಜಿನ ಮೇಲೆ ತಕ್ಕಡಿ ಇದೆಯಲ್ಲ, ಬಾಗಿಲಿಂದ ನೋಡಿ ಹೇಳು. ಮುಳ್ಳು ಎಲ್ಲಿದೆ?”

ಅತ್ತೆ ಬಾಗಿಲ ಕಡೆ ಮುಖ ತಿರುಗಿಸಿದರು. “ಎಲ್ಲಿರಬೇಕೋ ಅಲ್ಲೇ ಇದೆ.”

ಒಳಗೆ ಮೇಜು ಬರಿದಾಗಿತ್ತು. ತಕ್ಕಡಿ ಅವರ ಮೊಣಕೈ ಪಕ್ಕದಲ್ಲಿ, ಕಟ್ಟೆಯ ಮೇಲಿತ್ತು.

“ಆದ್ರೆ ಕಾಜಾ?” ಮಾವ ಜನರ ಕಡೆ ತಿರುಗಿ ಕೇಳಿದರು, ಯಾರಾದರೂ ಸುಳ್ಳು ಹೇಳಿಯಾದರೂ ತಮ್ಮನ್ನು ಕಾಪಾಡಲಿ ಎಂಬಂತೆ. “ದಿನಾ ಕಾಜಾ ಹೊಲೀತಾಳಲ್ಲ! ಕಣ್ಣು ಕಾಣದೆ ಸೂಜಿಗೆ ದಾರ ಹೇಗೆ ಪೋಣಿಸ್ತಾಳೆ?”

“ಉಸ್ಸಪ್ಪಾ” ಎಂದು ದನಿ ಬಂತು. “ನಾನು ಕಣಯ್ಯ.” ಉಸ್ಸಪ್ಪಾ ಮೇಷ್ಟ್ರು ನೆಲ ನೋಡುತ್ತ ಹೇಳಿದರು. “ದಿನಾ ಬೆಳಿಗ್ಗೆ ಹತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿ ಹೋಗ್ತೀನಿ. ಎರಡು ವರ್ಷ ಆಯ್ತು. ಯಾಕೆ ಬಂದೆ ಅಂತ ನೀನು ಕೇಳ್ದಿರಲಿ ಅಂತ ಕಾಯಿಲೆ ಕಥೆ ಹೇಳೋದು. ದಿನಕ್ಕೊಂದು ಹೊಸ ಕಾಯಿಲೆ ಹುಡುಕೋದು ಎಷ್ಟು ಕಷ್ಟ ಗೊತ್ತಾ ನಿನಗೆ?”

ಬೇಕರಿ ಅಜ್ಜಿ ಊರುಗೋಲು ಕೆಳಗಿಟ್ಟರು. “ಹಾಗಾದ್ರೆ ಕೊನೇ ಸ್ಥಾನ ನಂದೇ” ಎಂದವರು, ಮರುಕ್ಷಣ ನಾಲಿಗೆ ಕಚ್ಚಿಕೊಂಡು, ಅತ್ತೆಯ ಬೆನ್ನ ಮೇಲೆ ಕೈಯಿಟ್ಟರು. “ಪೊರೆ ಬಂದಿದೆ ಕಣೇ ನಿನ್ನ ಕಣ್ಣಿಗೆ. ಹೇಳೋಕೇನಾಗಿತ್ತು?”

ಅತ್ತೆ ಗಂಡ ಇರಬಹುದಾದ ದಿಕ್ಕಿಗೆ ತಿರುಗಿದರು.

“ನೀವೇ ಅಲ್ವಾ, ಕಾರ್ಡನ್ನ ಚಿಮಟದಲ್ಲಿ ಹಿಡಿದು ಪೆಟ್ಟಿಗೇಲಿ ಇಟ್ಟಿದ್ದು? ಮುಟ್ಟಬೇಡ ಅಂದಿದ್ದು? ಆ ಪೆಟ್ಟಿಗೇಲಿ ಇರೋದೆಲ್ಲ ಮುಟ್ಟಿದ್ರೆ ಸವೆಯುತ್ತೆ ಅಂತ ಮೂವತ್ತೆಂಟು ವರ್ಷದಿಂದ ಕೇಳ್ತಿದ್ದೀನಿ. ಇಬ್ಬರಿಗೂ ಸೇರಿ ಇರೋದು ಒಂದೇ ಕಾರ್ಡು. ನನ್ನ ಕಣ್ಣಿಗೆ ಅಂತ ತಿಕ್ಕಿ ಮುಗಿಸಿಬಿಟ್ರೆ, ನಾಳೆ ನಿಮ್ಮ ಎದೆಗೇನಾದ್ರೂ ಆದಾಗ ಏನು ತೋರಿಸ್ಲಿ? ಕಾಜಾನಾ?”

ಆಫೀಸರಿಗೆ ತಡೆಯಲಾಗಲಿಲ್ಲ. “ಅಮ್ಮ, ಅದು ಸವೆಯಲ್ಲ! ಎಷ್ಟು ಸಲ ಬೇಕಾದ್ರೂ ತೋರಿಸಬಹುದು. ಇಬ್ಬರೂ ತೋರಿಸಬಹುದು. ಕಳೆದುಹೋದ್ರೆ ಇನ್ನೊಂದು ಕೊಡ್ತೀವಿ!”

“ಇವರ್ಯಾರು, ಮಧ್ಯೆ?” ಎಂದರು ಅತ್ತೆ.

“ಆಫೀಸರ ಸಹಾಯಕರು ಅಮ್ಮ” ಎಂದಳು ಸರ್ವೆಯ ಹೆಣ್ಣುಮಗಳು. ಆಫೀಸರು ಒಂದು ಸಲ ಅವಳನ್ನು ನೋಡಿದರು, ಒಂದು ಸಲ ಜಿಮ್ ಮಾಸ್ಟರನ್ನು ನೋಡಿದರು, ಮತ್ತೆ “ಹೌದಮ್ಮ, ಸಹಾಯಕ” ಎಂದರು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವರು ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಅದು.

ಮಾವ ಪೆಟ್ಟಿಗೆಯ ಬಳಿ ಹೋದರು. ಚಿಮಟ ಅಲ್ಲೇ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದರು. ಬರಿಗೈಯನ್ನು ಮಖಮಲ್ಲಿಗೆ ಹಾಕಿದರು. ಮಾವ ಕಾರ್ಡನ್ನು ಐದೂ ಬೆರಳಲ್ಲಿ ಹಿಡಿದು ತಂದು ಹೆಂಡತಿಯ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದರು.

“ಒತ್ತು. ಉಜ್ಜು. ಬೆವರು ಹತ್ತಿಸು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತಿದ್ದೀವಿ.”

ಕಾರ್ಡು ಯಾರಿಂದಲೂ ವಾಪಸ್ಸು ಹೋಗುವುದಿಲ್ಲ ಎಂದು ‘ಸಹಾಯಕರು’ ಕಟ್ಟೆ ಹತ್ತಿ ಮೂರು ಸಲ ಕೂಗಿ ಹೇಳಿದರು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಜಿಮ್ ಮಾಸ್ಟರು ಮೆಲ್ಲಗೆ ಕೇಳಿದರು: “ಹಾಗಾದ್ರೆ… ನಿಜ ಹೇಳಬಹುದಾ? ಮೊಣಕಾಲು ಎರಡೂ ಗಟ್ಟಿಯಾಗಿವೆ. ಆದ್ರೆ ಭುಜ ನಾಲ್ಕು ವರ್ಷದಿಂದ ಎತ್ತೋಕಾಗ್ತಿಲ್ಲ.” ಅಂಚೆಯವನು ಕೆಮ್ಮು ಬಿಟ್ಟು, ಬೂಟು ಬಿಚ್ಚಿ ಪಾದ ತೋರಿಸಿದ. ಸುಳ್ಳು ಎಕ್ಸ್‌ರೇಗಳು ಸುರುಳಿಯಾದವು. ನಿಜವಾದ ನೋವುಗಳು, ಇಷ್ಟು ದಿನ ಎಲ್ಲಿದ್ದವೋ, ಒಂದೊಂದಾಗಿ ನಾಚಿಕೊಳ್ಳುತ್ತ ಬೀದಿಗೆ ಬಂದವು.

ಶನಿವಾರ ಅತ್ತೆ ಆಸ್ಪತ್ರೆಗೆ ಹೊರಟದ್ದು ದಂಡಯಾತ್ರೆಯ ಹಾಗಿತ್ತು. ಬೇಕರಿಯ ವ್ಯಾನಿನಲ್ಲಿ ಮುಂದೆ ಅಜ್ಜಿ, ಹಿಂದೆ ಬ್ರೆಡ್ಡಿನ ತಟ್ಟೆಗಳ ನಡುವೆ ಅತ್ತೆ, ಮಾವ, ಮೇಷ್ಟ್ರು. ಪಕ್ಕದಲ್ಲಿ ಸೈಕಲ್ ಮೇಲೆ ಜಿಮ್ ಮಾಸ್ಟರು. ಅತ್ತೆ ಕಾರ್ಡನ್ನು ಗೇಟಿನವನಿಗೆ ತೋರಿಸಿದರು, ನೆಲ ಒರೆಸುವವಳಿಗೆ ತೋರಿಸಿದರು, ಲಿಫ್ಟಿನಲ್ಲಿ ಜೊತೆಗಿದ್ದ ಅಪರಿಚಿತರಿಗೆಲ್ಲ ತೋರಿಸಿದರು. ತೋರಿಸಿದಷ್ಟೂ ಅದು ಹಾಗೇ ಇತ್ತು. ಅದಕ್ಕಾಗಿ ಇನ್ನಷ್ಟು ತೋರಿಸಿದರು.

ಡಾಕ್ಟರು ಇಷ್ಟು ತಡ ಮಾಡಿದ್ದೇಕೆಂದು ಗದರಿ, ಸೋಮವಾರ ಒಂದು ಕಣ್ಣಿಗೆ ಆಪರೇಷನ್ ಮಾಡಿದರು. ಮಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಏನು ಅಳೆಯಬೇಕೆಂದು ತಿಳಿಯದೆ ಕಾರಿಡಾರಿನ ನೆಲದ ಟೈಲ್ಸುಗಳನ್ನು ಎಣಿಸಿದರು. ಮುನ್ನೂರ ಹನ್ನೆರಡು. ಮತ್ತೆ ಎಣಿಸಿದರು. ಮುನ್ನೂರ ಎಂಟು. ಹೋಗಿದ್ದ ಎದೆಯುರಿ ವಾಪಸ್ಸು ಬಂದು ಪಕ್ಕದಲ್ಲೇ ಕೂತಿತು. ಮೇಷ್ಟ್ರು ಇನ್ನೊಂದು ಪಕ್ಕ ಕೂತರು, ಆವತ್ತು ಒಂದು ಸಲವೂ “ಉಸ್ಸಪ್ಪಾ” ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅತ್ತೆ ಒಂದೆರಡು ಸಲ ರೆಪ್ಪೆ ಬಡಿದರು. ಎದುರಿಗೆ ಗಂಡ. ಅವರ ಮುಖವನ್ನು ಹಣೆಯಿಂದ ಗಲ್ಲದವರೆಗೆ, ಒಂದು ಗೆರೆ ಬಿಡದೆ, ನಿಧಾನವಾಗಿ ನೋಡಿದರು.

“ಅಯ್ಯೋ, ಇಷ್ಟು ಮುದುಕ ಯಾವಾಗ ಆದ್ರಿ?”

ಮಾವನ ಕಣ್ಣಲ್ಲಿ ದಳದಳ ನೀರು. “ಯಾರಿಗಿಂತ?” ಎಂದರು.

ವಾರ್ಡಿಗೆ ವಾರ್ಡೇ ನಕ್ಕಿತು. ಪಕ್ಕದ ಮಂಚದವರು ನಗುವಿನ ಭರಕ್ಕೆ ಹೊಲಿಗೆ ಬಿಚ್ಚೀತೆಂದು ನರ್ಸು ಓಡಿಬಂದಳು. ಬಾಗಿಲಲ್ಲಿ ಅಡ್ಡ ತಿರುಗಿ ನಿಂತಿದ್ದ ಜಿಮ್ ಮಾಸ್ಟರನ್ನು ನೋಡಿ ಅತ್ತೆ “ಬಾಪ್ಪ, ಎಷ್ಟು ಒಳ್ಳೆಯವನು ನೀನು” ಎಂದರು. ಆವತ್ತು ಬೈಸಿಕೊಂಡ ಆಫೀಸರು ಯಾರೆಂದು ಆ ಬೀದಿಯ ಒಬ್ಬರೂ ಅವರಿಗೆ ಇವತ್ತಿನವರೆಗೆ ಹೇಳಿಲ್ಲ. ಗುಟ್ಟು ನಿಲ್ಲದ ಬೀದಿ ಅದು. ಇದೊಂದು ಗುಟ್ಟು ನಿಂತಿತು.

ಮುಂದಿನ ತಿಂಗಳು ಇನ್ನೊಂದು ಕಣ್ಣೂ ಆಯಿತು. ಮನೆಯ ಜೇಡರಬಲೆಗಳಿಗೆ ಕೇಡುಗಾಲ ಬಂತು. ಅತ್ತೆ ಬೀದಿಯವರ ಮುಖಗಳನ್ನೂ ಕಾಜಾಗಳಂತೆ ಒಂದೊಂದಾಗಿ ನೋಡತೊಡಗಿದರು. “ಏನೇ, ಕಣ್ಣು ಹಳದಿಯಾಗಿದೆ? ಏನೋ, ಕಾಲು ಊದಿದೆ? ಕಾರ್ಡು ಎಲ್ಲಿಟ್ಟಿದ್ದೀಯ? ನಡಿ.” ಬೇಕರಿಯ ವ್ಯಾನು ಬ್ರೆಡ್ಡಿಗಿಂತ ಹೆಚ್ಚಾಗಿ ಜನರನ್ನು ಹೊತ್ತಿತು.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಆಫೀಸರು ಒಬ್ಬರೇ ಬಂದು “ಅಮ್ಮ” ಎಂದು ಕರೆದರು. ಮುಖ ಬಾಡಿತ್ತು. ಕೈಯಲ್ಲಿ ಮೇಲಿನವರ ಪತ್ರ. ಹಿಂದಿನ ತಿಂಗಳು ಮತ್ತೆ ಮಾಡಿದ ಸರ್ವೆಯ ಫಲಿತಾಂಶ ಬಂದಿತ್ತು.

“ಓ, ಸಹಾಯಕರು! ದನಿಯಲ್ಲೇ ಗೊತ್ತಾಯ್ತು. ಬನ್ನಿ” ಎಂದರು ಅತ್ತೆ. “ನಿಮ್ಮ ಆ ದೊಡ್ಡ ಆಫೀಸರು ಹೇಗಿದ್ದಾರೆ?”

“ಇದ್ದಾರಮ್ಮ” ಎಂದು ಆಫೀಸರು ನಿಟ್ಟುಸಿರು ಬಿಟ್ಟರು. “ಏನಮ್ಮ ಇದು? ಕಾರ್ಡು ಬರೋ ಮುಂಚೆ ಕೇಳಿದಾಗ ಈ ಬೀದಿಯವರೆಲ್ಲ ‘ಉತ್ತಮ’ ಅಂದಿದ್ರಿ. ಈಗ ಎಲ್ಲರೂ ‘ಸಾಧಾರಣ’, ‘ಕೆಟ್ಟದ್ದು’ ಅಂದಿದ್ದೀರಿ. ಕಣ್ಣು ಸರಿಹೋದ ನೀವೂ ‘ಸಾಧಾರಣ’! ನಾವು ಕಾರ್ಡು ಕೊಟ್ಟು ನಿಮ್ಮನ್ನೆಲ್ಲ ರೋಗಿಗಳನ್ನಾಗಿ ಮಾಡಿದ್ದೀವಿ ಅಂತ ಮೇಲಿನವರು ವಿವರಣೆ ಕೇಳಿದ್ದಾರೆ.”

“ಮುಂಚೆ ‘ಚೆನ್ನಾಗಿಲ್ಲ’ ಅಂದು ಏನು ಮಾಡ್ಬೇಕಿತ್ತು ಸ್ವಾಮಿ?” ಎಂದರು ಅತ್ತೆ. “ಹೇಳಿದ್ರೆ ಮನೆಯವರ ನಿದ್ದೆ ಹಾಳು, ಅಷ್ಟೇ. ಅದಕ್ಕೇ ಚೆನ್ನಾಗಿದ್ವಿ. ಈಗ ಹೇಳಿದ್ರೆ ಡಾಕ್ಟರು ಇದ್ದಾರೆ. ಅದಕ್ಕೇ ಹೇಳ್ತಿದ್ದೀವಿ. ಎರಡು ಕಣ್ಣು ಬಂತು, ಈಗ ಎಡ ಮಂಡಿ ಕಡೆ ಗಮನ ಕೊಡೋಕೆ ಪುರುಸೊತ್ತಾಗಿದೆ. ಹೀಗೇ ಬರೆದು ಕಳಿಸಿ ನಿಮ್ಮ ಮೇಲಿನವರಿಗೆ.”

ಮಾವ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. ಇದಕ್ಕೆ ಮುದ್ರೆ ಒತ್ತುವಂತೆ ಒಮ್ಮೆ ತಲೆಯಾಡಿಸಿದರು.

ಅತ್ತೆಯ ಹೊಸ ಕಣ್ಣು ಅಷ್ಟರಲ್ಲಿ ಆಫೀಸರ ಕೆನ್ನೆಯ ಮೇಲೆ ನಿಂತಿತ್ತು. ಒಂದು ಕಡೆ ಚೆಂಡಿನ ಹಾಗೆ ಊದಿತ್ತು.

“ಇದೇನು?”

“ಏನೂ ಇಲ್ಲಮ್ಮ. ಚೆನ್ನಾಗಿದ್ದೀನಿ.”

ಆ ಮಾತಿಗೆ ಆ ಬೀದಿಯಲ್ಲಿ ಈಗ ಯಾರೂ ಮೋಸ ಹೋಗುತ್ತಿರಲಿಲ್ಲ. “ಹಲ್ಲು” ಎಂದರು ಮೇಷ್ಟ್ರು ಎದುರು ಮನೆಯಿಂದಲೇ. “ದವಡೆ ಹಲ್ಲು” ಎಂದು ತಿದ್ದಿದರು ಬೇಕರಿ ಅಜ್ಜಿ.

“ಕಾರ್ಡು ಇದೆಯಾ?” ಎಂದರು ಅತ್ತೆ.

“ಇದೆಯಮ್ಮ. ಜನರಿಗೆ ತೋರಿಸೋಕೆ ಅಂತ ಜೇಬಲ್ಲೇ ಇಟ್ಕೊಂಡಿರ್ತೀನಿ. ಉಪಯೋಗಿಸಿಲ್ಲ. ನನಗೆ ಆಫೀಸಿಗೆ—”

“ವ್ಯಾನು ತೆಗೀರಿ!” ಎಂದು ಅತ್ತೆ ಕೂಗಿದರು.

ಹತ್ತು ಗಂಟೆಗೆ ಆಫೀಸರು ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗದ ಮುಂದೆ, ಹದಿನಾಲ್ಕನೇ ನಂಬರಿನ ಚೀಟಿ ಹಿಡಿದು ನಿಂತಿದ್ದರು. ಬೆಂಚು ತುಂಬಿತ್ತು. ತುದಿಯಲ್ಲಿ ಕೂತಿದ್ದ, ಅವರ್ಯಾರೆಂದು ಗೊತ್ತಿಲ್ಲದ ಮುದುಕಿಯೊಬ್ಬಳು ತಲೆಯೆತ್ತಿ ನೋಡಿ, “ಹೇಗಿದ್ದೀಯಪ್ಪ?” ಎಂದು ಕೇಳಿದಳು.

ಲಕ್ಷಾಂತರ ಜನರಿಂದ ಆ ಪ್ರಶ್ನೆಗೆ ಉತ್ತರ ಬರೆಸಿಕೊಂಡಿದ್ದ ಆಫೀಸರು ಸುತ್ತ ನೋಡಿದರು, ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡರು, ಮತ್ತು ಸೇವೆಗೆ ಸೇರಿದ ಮೇಲೆ ಮೊದಲ ಸಲ ಸತ್ಯ ನುಡಿದರು.

“ನೋವು ಕಣಮ್ಮಾ! ಪ್ರಾಣ ಹೋಗ್ತಿದೆ!”

ಬೆಂಚಿನವರೆಲ್ಲ ಒತ್ತೊತ್ತಾಗಿ ಸರಿದು, ಅವರಿಗೆ ಕೂರಲು ಜಾಗ ಮಾಡಿಕೊಟ್ಟರು.